ಈ ಕಥೆಯ ನೀತಿ ಏನು ಅಂತ ಕೇಳಬೇಡಿ

(ಗ್ರಂಥಾಲಯ ಸಪ್ತಾಹದಲ್ಲಿ, ಗದಗ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಹಳ್ಳಿಯ ಲೈಬ್ರರಿಯಲ್ಲಿ, ಡಿ.ಎಲ್.ಎಡ್. ಎಂಬ ಶಿಕ್ಷಕರ ತರಬೇತಿಯ ಪ್ರಶಿಕ್ಷಣಾರ್ಥಿಯೊಬ್ಬರು ಆಡಿದ ಮಾತುಗಳು. ರೆಕಾರ್ಡಿಂಗ್ ಕೇಳಿ ಬರಹಕ್ಕೆ ಇಳಿಸಿದ್ದು.)

ನನಗೆ ಕೊಟ್ಟಿರುವ ವಿಷಯ ‘ನಾನು ಮತ್ತು ನನ್ನ ಓದು’. ಪುಸ್ತಕಗಳಿಗೆ ಹೋಗುವ ಮುಂಚೆ ನಮ್ಮ ಪಾಠ ಯೋಜನೆಯ ಬಗ್ಗೆ ಎರಡು ಮಾತು ಹೇಳಬೇಕು. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ.

ನಾವು ಪ್ರಶಿಕ್ಷಣಾರ್ಥಿಗಳು ಒಂದು ಪಾಠ ಮಾಡಬೇಕೆಂದರೆ ಹಿಂದಿನ ರಾತ್ರಿಯೇ ಗೆರೆ ಹೊಡೆದು, ಕಾಲಂ ಮಾಡಿ, ಎಲ್ಲ ಬರೆದು ಸಹಿ ಹಾಕಿಸಿಕೊಳ್ಳಬೇಕು. ಪೀಠಿಕೆ, ಉದ್ದೇಶ ಕಥನ, ಆದರ್ಶ ವಾಚನ, ಅನುಕರಣ ವಾಚನ, ಮೌನ ವಾಚನ, ಮೌಲ್ಯಮಾಪನ, ಗೃಹಪಾಠ. ಇಲ್ಲಿ ಕೂತಿರುವ ಶಿಕ್ಷಕರಿಗೆ ಇದು ಬಾಯಿಪಾಠ. ಈ ತರಬೇತಿಗೆ ಟಿಸಿಎಚ್ ಅನ್ನುತ್ತಿದ್ದ ಕಾಲದಲ್ಲೂ ಹೆಚ್ಚುಕಡಿಮೆ ಹೀಗೇ ಇತ್ತು ಅಂತ ನಮ್ಮ ಸೋದರಮಾವ ಹೇಳುತ್ತಾರೆ. ಅಂದಹಾಗೆ, ನಮ್ಮೂರಲ್ಲಿ ಯಾರೇ ಕೇಳಿದರೂ ನಾನು ಓದುತ್ತಿರುವುದು ಈಗಲೂ ಟಿಸಿಎಚ್ಚೇ. ಅದು ಡಿ.ಎಡ್. ಆಗಿ, ಆಮೇಲೆ ಡಿ.ಎಲ್.ಎಡ್. ಆಯ್ತು ಅಂದರೆ ಯಾರಿಗೂ ಏನೂ ಫರಕು ಬೀಳುವುದಿಲ್ಲ. ಇರಲಿ. ಕಥೆಯ ಪಾಠವಾದರೆ ಕೊನೆಗೆ ಒಂದು ಪ್ರಶ್ನೆ ಇರಲೇಬೇಕು: ಈ ಕಥೆಯ ನೀತಿ ಏನು?

ಈ ಪ್ರಶ್ನೆ ಬಿದ್ದ ಕೂಡಲೇ ಕ್ಲಾಸಿನಲ್ಲಿ ಏನಾಗುತ್ತದೆ ಗೊತ್ತಾ? ಅಷ್ಟು ಹೊತ್ತು ಬಾಯಿ ತೆರೆದುಕೊಂಡು ಕೇಳುತ್ತಿದ್ದ ಮಕ್ಕಳು ನೆಟ್ಟಗೆ ಕೂತುಬಿಡುತ್ತಾರೆ. ಒಂದಿಬ್ಬರು ಕೈ ಎತ್ತುತ್ತಾರೆ. ‘ಸುಳ್ಳ ಹೇಳಬಾರದ್ರಿ.’ ‘ಕಳವು ಮಾಡಬಾರದ್ರಿ.’ ‘ಹಿರಿಯಾರ ಮಾತ ಕೇಳಬೇಕ್ರಿ.’ ಈ ಮೂರರಲ್ಲಿ ಒಂದನ್ನು ಹೇಳಿದರೆ ಯಾವ ಕಥೆಗಾದರೂ ಪಾಸು. ಕಥೆ ಕೇಳಿರಲೇಬೇಕು ಅಂತಿಲ್ಲ.

ನಾನು ಇವತ್ತು ಹೇಳುವುದು ಇಷ್ಟೇ. ನನ್ನನ್ನು ಓದಿಗೆ ಹಚ್ಚಿದ ಪುಸ್ತಕಗಳಲ್ಲಿ ಒಂದಕ್ಕೂ ಹೀಗೆ ಒಂದು ಸಾಲಿನಲ್ಲಿ ನೀತಿ ಹೇಳಲು ಬರುವುದಿಲ್ಲ. ನಾಳೆ ಟೀಚರ್ ಆಗಿ ಅದೇ ಪುಸ್ತಕಗಳನ್ನು ಮಕ್ಕಳಿಗೆ ಓದಿಸುವಾಗ ಆ ಪ್ರಶ್ನೆಯನ್ನು ನಾನು ಯಾಕೆ ಕೇಳಲಿ?

ನಮ್ಮ ಮನೆಯಲ್ಲಿ ಪುಸ್ತಕ ಇರಲಿಲ್ಲ. ಪಂಚಾಂಗ, ಸೊಸೈಟಿಯ ಪಾಸ್‌ಬುಕ್ಕು, ಗೋಡೆಯ ಮೇಲೊಂದು ಕ್ಯಾಲೆಂಡರು, ಅಷ್ಟೇ. ಆದರೆ ಓದು ಇತ್ತು. ಈ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಪೇಟಿ ತಬಲಾ ಇರುತ್ತವೆ. ಒಂದು ವರ್ಷ ಬಸವ ಪುರಾಣ, ಇನ್ನೊಂದು ವರ್ಷ ಹೇಮರಡ್ಡಿ ಮಲ್ಲಮ್ಮ, ಮತ್ತೊಂದು ವರ್ಷ ಶರಣಬಸವೇಶ್ವರ. ನಾನು ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅರ್ಧ ಹೊತ್ತು ತೂಕಡಿಸುತ್ತಲೇ ಇರುತ್ತಿದ್ದಳು. ಆದರೆ ಓದುವವರು ಬೇಗ ಮುಗಿಸಲು ನಡುವೆ ಎರಡು ಪದ್ಯ ಹಾರಿಸಿದರೆ ತಟಕ್ಕನೆ ಕಣ್ಣು ತೆರೆಯುತ್ತಿದ್ದಳು. ‘ನಡುವ ಏನೋ ಬಿಟ್ಟಾರ ನೋಡವ್ವಾ’ ಅಂತ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ಪುರಾಣದಲ್ಲಿ ನೀತಿಗೇನು ಕಮ್ಮಿ ಇಲ್ಲ. ಅರ್ಥ ಹೇಳುವವರು ಧಾರಾಳವಾಗಿಯೇ ಹೇಳುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಹೆಂಗಸರು ಎಲೆ ಅಡಿಕೆ ಚೀಲ ತೆಗೆಯುತ್ತಿದ್ದರು, ಗಂಡಸರು ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು. ಕಥೆ ಮತ್ತೆ ಶುರುವಾದರೆ ಎಲ್ಲರೂ ವಾಪಸ್ಸು. ಮಾರನೇ ದಿನ ಹೊಲದಲ್ಲಿ ಕಳೆ ತೆಗೆಯುವಾಗ ಮಾತು ಯಾವುದರ ಬಗ್ಗೆ? ಮಲ್ಲಮ್ಮನಿಗೆ ಮನೆಯವರು ಕೊಟ್ಟ ಕಾಟದ ಬಗ್ಗೆ. ‘ನಮ್ಮತ್ತಿ ಹಂಗ ಮಾಡಿದ್ದರ ನಾ ಏನ್ ಮಾಡತಿದ್ದೆ ಗೊತ್ತೇನ?’ ಅಂತ ಒಬ್ಬಳು. ‘ಏನೂ ಮಾಡತಿದ್ದಿಲ್ಲ ಬಿಡ, ಸುಮ್ಮನ ರೊಟ್ಟಿ ಬಡೀತಿದ್ದಿ’ ಅಂತ ಇನ್ನೊಬ್ಬಳು. ಪುಸ್ತಕ ವಿಮರ್ಶೆ ಅಂತ ಹೇಳುತ್ತಾರಲ್ಲ, ನಾನು ಮೊದಲು ಕೇಳಿದ್ದು ಅದನ್ನೇ.

ಗದಗಿನವರು ಓದಿನ ಬಗ್ಗೆ ಮಾತಾಡುವಾಗ ಕುಮಾರವ್ಯಾಸನ ಹೆಸರು ಬರದೆ ಹೋದರೆ ಹೇಗೆ? ವೀರನಾರಾಯಣ ಗುಡಿಗೆ ಹೋದಾಗಲೆಲ್ಲ ಅವನು ಕೂತು ಬರೆದನೆಂದು ಹೇಳುವ ಕಂಬವನ್ನು ಎಲ್ಲರೂ ಮುಟ್ಟಿ ಬರುತ್ತೇವೆ. ಹಲಗೆ ಬಳಪ ಹಿಡಿಯದೆ, ಒಮ್ಮೆ ಇಟ್ಟ ಪದವನ್ನು ಅಳಿಸದೆ ಬರೆದವನು ತಾನು ಅಂತ ಅವನೇ ಹೇಳಿಕೊಂಡಿದ್ದಾನೆ. ದಿನಾ ಬಳಪ ಹಿಡಿದು, ಬರೆದದ್ದಕ್ಕಿಂತ ಅಳಿಸಿದ್ದೇ ಜಾಸ್ತಿ ಇರುವ ನಮ್ಮಂಥವರಿಗೆ ಇದನ್ನು ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ. ಹೈಸ್ಕೂಲಿನಲ್ಲಿ ಅವನ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದೇವೆ. ಮೂರು ನಾಲ್ಕು, ಮೂರು ನಾಲ್ಕು. ಲಘು ಎಲ್ಲಿ, ಗುರು ಎಲ್ಲಿ ಅಂತ ಕೇಳಿದರು. ಯುದ್ಧದಲ್ಲಿ ಯಾರು ಗೆದ್ದರು ಅಂತ ಯಾರೂ ಕೇಳಲಿಲ್ಲ. ನೀತಿ ಕೇಳುವುದಕ್ಕಿಂತ ಅದು ವಾಸಿ ಅಂತ ಈಗ ಅನ್ನಿಸುತ್ತದೆ. ಪ್ರಸ್ತಾರ ಹಾಕಲಾದರೂ ಪದ್ಯವನ್ನು ಬಾಯಿಬಿಟ್ಟು ಓದಬೇಕಲ್ಲ.

ನನಗೆ ಅಕ್ಷರ ಬಂದದ್ದು ಸರ್ಕಾರಿ ಶಾಲೆಯ ನಲಿಕಲಿಯಲ್ಲಿ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಹುಟ್ಟಿದ ಪದ್ಧತಿ ಅದು. ನಾನು ಒಂದನೇ ಕ್ಲಾಸಿಗೆ ಹೋಗುವ ಹೊತ್ತಿಗೆ ನಮ್ಮೂರಿಗೂ ಬಂದಿತ್ತು. ಅಲ್ಲಿ ಅ ಆ ಇ ಈ ಅಂತ ಶುರುವಾಗುವುದಿಲ್ಲ. ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಹಿರಿಯರಿಗೆ ಇದು ತಮಾಷೆಯಾಗಿ ಕಾಣುತ್ತದೆ. ‘ಇದೆಂಥಾ ಕಲಿಕೆ, ಅ ಕೊನೀಗೆ ಬರ್ತೈತಿ’ ಅಂತ ಅಜ್ಜ ಬೈಯುತ್ತಿದ್ದ. ಆದರೆ ಈ ಐದೇ ಅಕ್ಷರ ಬಂದರೆ ಮಗು ಓದಲು ಶುರು ಮಾಡಬಹುದು. ಸರ, ದರ, ಅರಸ, ಅಗಸ, ಗರಗಸ. ಇನ್ನೊಂದು ಇದೆ, ನೀವೇ ಜೋಡಿಸಿ ನೋಡಿ. ಹೌದು, ಗದಗ! ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಬೋರ್ಡನ್ನು ನಾನು ಓದಿದ್ದೆ. ಅವ್ವ ನಂಬಲಿಲ್ಲ, ಯಾರೋ ಹೇಳಿಕೊಟ್ಟಿದ್ದಾರೆ ಅಂದಳು. ರೋಣದ ಮಕ್ಕಳಿಗೆ, ಮುಂಡರಗಿಯ ಮಕ್ಕಳಿಗೆ ಪಾಪ ಈ ಸುಖ ಇಲ್ಲ. ಕೊಂಬು, ಸೊನ್ನೆ, ದೀರ್ಘ ಎಲ್ಲ ಕಲಿಯುವವರೆಗೆ ಅವರು ಕಾಯಬೇಕು.

ಹಾಗೆ ಬೋರ್ಡು, ಗೊಬ್ಬರದ ಚೀಲ, ಬಿಸ್ಕೀಟಿನ ಪೊಟ್ಟಣ ಎಲ್ಲ ಓದಿ ಮುಗಿದ ಮೇಲೆ ಕಾಕಾನ ಪೆಟ್ಟಿಗೆಯಲ್ಲಿ ಹಳೇ ಬಾಲಮಂಗಳ ಸಿಕ್ಕವು. ಡಿಂಗನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಓದಿದವರಿಗೆ ಗೊತ್ತು, ಓದದವರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಆಮೇಲೆ ಈ ಲೈಬ್ರರಿ. ಆಗ ಇದಕ್ಕೆ ಅರಿವು ಕೇಂದ್ರ ಅಂತ ಹೆಸರಿರಲಿಲ್ಲ. ಒಂದು ಕೋಣೆ, ಒಂದು ಮೇಜು, ಪೇಪರು ಓದುವ ನಾಲ್ಕು ಜನ ಗಂಡಸರು. ಹುಡುಗಿಯರು ಒಳಗೆ ಬರುತ್ತಿರಲಿಲ್ಲ. ಬರಬೇಡಿ ಅಂತ ಯಾರೂ ಹೇಳಿರಲಿಲ್ಲ, ಆದರೂ ಬರುತ್ತಿರಲಿಲ್ಲ. 2019ರಲ್ಲಿ ಹಳ್ಳಿಯ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಮುಂದಿನ ವರ್ಷ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ‘ಓದುವ ಬೆಳಕು’ ಅಂತ ಕಾರ್ಯಕ್ರಮ ಮಾಡಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಆಗ ನಾವು ಹುಡುಗಿಯರೂ ನುಗ್ಗಿದೆವು. ನನ್ನ ವಯಸ್ಸಿಗೆ ಅದು ತಡವೇ. ಆದರೂ ಅಲ್ಲಿ ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ ಸಿಕ್ಕಾಗ ಹೈಸ್ಕೂಲು ಹುಡುಗಿ ಅನ್ನುವುದನ್ನು ಮರೆತು ಕೂತು ಓದಿದೆ. ಒಟ್ಟು 12 ಸಂಪುಟ. ನಮ್ಮಲ್ಲಿ ಕೆಲವು ಇರಲಿಲ್ಲ, ಇದ್ದವುಗಳಲ್ಲೂ ಕೆಲವಕ್ಕೆ ಕೊನೆಯ ಹಾಳೆಗಳಿರಲಿಲ್ಲ. ಹಾಳೆ ಹರಿದ ಕಥೆಗಳಿಗೆ ನಾನೂ ನನ್ನ ತಂಗಿಯೂ ಕೊನೆ ಕಟ್ಟುತ್ತಿದ್ದೆವು. ಅವಳು ಕಟ್ಟಿದ ಎಲ್ಲ ಕಥೆಯಲ್ಲೂ ರಾಜ ಸಾಯುತ್ತಿದ್ದ. ಅನುಪಮಾ ಅವರು ಡಾಕ್ಟರು. ರೋಗಿಗಳನ್ನು ನೋಡಿಕೊಂಡು, ಕಾದಂಬರಿ ಬರೆದುಕೊಂಡು, ಅದರ ಮಧ್ಯೆ ಮಕ್ಕಳಿಗೆ ವರ್ಷಪೂರ್ತಿ ಕಥೆ ಕೂಡಿಟ್ಟರಲ್ಲ ಅಂತ ಈಗಲೂ ನನಗೆ ಆಶ್ಚರ್ಯ.

ಅವ್ವನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಅವಳು ಹಿಂದಿನ ಸಾಲಿನಲ್ಲಿದ್ದಾಳೆ, ಆಮೇಲೆ ಬೈಯುತ್ತಾಳೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಶರಪಂಜರ ಸಿನಿಮಾವನ್ನು ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದಳು. ಅದು ಮೊದಲು ಪುಸ್ತಕ, ಬರೆದವರು ತ್ರಿವೇಣಿ ಅಂದಾಗ ಅವಳಿಗೆ ಹೊಸ ಸುದ್ದಿ. ಸಿನಿಮಾ ಬಂದದ್ದು 1971ರಲ್ಲಿ. ತ್ರಿವೇಣಿ 1963ರಲ್ಲೇ ತೀರಿಹೋಗಿದ್ದರು, ನೋಡಲೂ ಇಲ್ಲ. ಅದನ್ನು ಕೇಳಿ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ‘ತಗೊಂಡ್ ಬಾ’ ಅಂದಳು. ಒಲೆಯ ಮುಂದೆ ಕೂತು, ತುಟಿ ಅಲ್ಲಾಡಿಸುತ್ತ, ಬೆರಳಿಟ್ಟು ಓದಿದಳು. ಮುಗಿಸಿದ ಮೇಲೆ ಹೇಳಿದ್ದು: ‘ಸಿನಿಮಾದಾಗ ಕಾವೇರಿ ಬಾಳ ಅಳ್ತಾಳ. ಇಲ್ಲಿ ಬಾಳ ವಿಚಾರ ಮಾಡ್ತಾಳ.’ ಇದಕ್ಕಿಂತ ಚೆನ್ನಾಗಿ ನನಗಂತೂ ಹೇಳಲು ಬರುವುದಿಲ್ಲ.

ಈಗ ನನಗೆ ತೀರಾ ಇಷ್ಟವಾದ ಕೆಲವು ಪುಸ್ತಕಗಳಿಗೆ ಬರುತ್ತೇನೆ. ಮೊದಲು ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿ. ಮೂಲ ಕಥೆ ಜರ್ಮನಿಯ ಹ್ಯಾಮೆಲಿನ್ ಊರಿನದು, ಅದನ್ನು ಇಂಗ್ಲಿಷಿನಲ್ಲಿ ಬ್ರೌನಿಂಗ್ ಪದ್ಯ ಮಾಡಿದ್ದ. ಕುವೆಂಪು ಅದನ್ನು ಎತ್ತಿಕೊಂಡು ಬಂದು ತುಂಗಾ ನದಿಯ ದಂಡೆಯಲ್ಲಿ ಇಟ್ಟರು. ಇಲಿಗಳಿಗೂ ಅಣ್ಣ, ತಮ್ಮ, ಅವ್ವ, ಅಪ್ಪ, ಭಾವ ಅಂತ ನೆಂಟಸ್ತನ ಹಚ್ಚಿದರು. ಆ ಸಾಲುಗಳನ್ನು ಓದುವಾಗ ಕ್ಲಾಸಿನಲ್ಲಿ ಮಕ್ಕಳು ತಾವೇ ಹೊಸ ಇಲಿಗಳನ್ನು ಸೇರಿಸುತ್ತಾರೆ, ಮಾಸ್ತರ್ ಇಲಿ, ಬಿಸಿಯೂಟದ ಇಲಿ ಅಂತ. ಇದಕ್ಕೆ ನೀತಿ ಏನು? ಕೊಟ್ಟ ಮಾತಿಗೆ ತಪ್ಪಬಾರದು ಅಂತ ಗೈಡಿನಲ್ಲಿ ಇರುತ್ತದೆ. ಮಾತಿಗೆ ತಪ್ಪಿದವನು ಗೌಡ. ಹೋದವರು ಮಕ್ಕಳು. ಅವರೇನು ತಪ್ಪು ಮಾಡಿದ್ದರು? ಇದನ್ನು ನಾನು ಕೇಳಿದ್ದಲ್ಲ, ಐದನೇ ಕ್ಲಾಸಿನ ಒಬ್ಬಳು ನನ್ನನ್ನು ಕೇಳಿದ್ದು.

ಎರಡನೆಯದು ತೇಜಸ್ವಿಯವರ ಕರ್ವಾಲೊ. 1980ರಲ್ಲಿ ಬಂದದ್ದು, ಇವತ್ತಿಗೂ ಹಾಸ್ಟೆಲ್ಲಿನಲ್ಲಿ ಕೈಯಿಂದ ಕೈಗೆ ಹೋಗುತ್ತಲೇ ಇರುವ ಪುಸ್ತಕ. ಮಂದಣ್ಣ ಅಂತ ಒಬ್ಬ ಇದ್ದಾನೆ. ಊರವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನು. ಜೇನು ಹಿಡಿಯುತ್ತಾನೆ, ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬೀಳುತ್ತಾನೆ, ಸರ್ಕಾರಿ ಜವಾನನಾದರೆ ಸಾಕು ಅಂತ ಅವನ ಆಸೆ. ಆದರೆ ವಿಜ್ಞಾನಿ ಕರ್ವಾಲೊಗೆ ಕಾಣುವುದು ಅವನ ಕಣ್ಣು. ಕಾಡಿನಲ್ಲಿ ಹಾರುವ ಓತಿಯನ್ನು ಕಂಡವನು ಅವನೇ ಅಲ್ವಾ?

ಇದರ ಕೊನೆಯ ಭಾಗವನ್ನು ಕಪ್ಪತಗುಡ್ಡದ ಹತ್ತಿರದ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿಗೆ ಓದಿ ಹೇಳಿದೆ. ನಮ್ಮನ್ನು ಪ್ರಾಕ್ಟೀಸಿಗೆ ಹಾಕಿದ್ದ ಶಾಲೆ ಅದು. ಕೊನೆಯ ಬೆಂಚಿನ ಒಬ್ಬ ಹುಡುಗ, ಓದಲು ನಿಲ್ಲಿಸಿದರೆ ಬೆವರುವವನು, ಓತಿ ಅಂದ ಕೂಡಲೇ ಎದ್ದು ನಿಂತ. ‘ಟೀಚರ್ರೀ, ಓತಿಕ್ಯಾತ ಅಲ್ರೀ? ನಮ್ಮ ಗುಡ್ಡದಾಗ ಬಂಡಿ ಮ್ಯಾಲ ಇರ್ತಾವ್ರಿ. ಗಂಡು ಒಂದೊಂದ ಟೈಮಿನಾಗ ಬೆನ್ನೆಲ್ಲಾ ಕೆಂಪ ಆಗತೈತ್ರಿ.’ ಯಾವಾಗ ಆಗುತ್ತದೆ ಅಂದೆ. ‘ಹೆಣ್ಣಿನ ಹಿಂದ ಓಡಾಡುವಾಗ್ರಿ.’ ಕ್ಲಾಸೆಲ್ಲ ನಗು. ನಾನು ಆಮೇಲೆ ಹುಡುಕಿ ನೋಡಿದೆ. ಬಂಡೆಯ ಮೇಲಿನ ಆ ಓತಿಕ್ಯಾತ ಮರಿ ಮಾಡುವ ಕಾಲದಲ್ಲಿ ಹಾಗೇ ಬಣ್ಣ ತಿರುಗುತ್ತದೆ, ಹುಡುಗ ಹೇಳಿದ್ದು ನಿಜ. ಹಾರುವ ಓತಿ ನಮ್ಮ ಗುಡ್ಡದಲ್ಲಿ ಇಲ್ಲ, ಅದು ಪಶ್ಚಿಮ ಘಟ್ಟದ ಕಾಡಿನದು ಅಂತ ನಾನು ಹೇಳಿದಾಗ ಅವನಿಗೆ ಬೇಜಾರಾಯ್ತು. ಆದರೆ ಕರ್ವಾಲೊದ ಕೊನೆಯಲ್ಲಿ ಓತಿ ಕೈಗೆ ಸಿಗದೆ ಕಣಿವೆಗೆ ಹಾರಿಹೋಗುತ್ತದಲ್ಲ, ಅದು ಅವನಿಗೆ ಬಹಳ ಹಿಡಿಸಿತು. ‘ಚಲೋ ಆತು ಬಿಡ್ರಿ’ ಅಂದ. ಅಷ್ಟು ಜನ ಕಾಡಿನಲ್ಲಿ ಒದ್ದಾಡಿ, ಕೊನೆಗೆ ಬರಿಗೈ. ಪರಿಶ್ರಮಕ್ಕೆ ತಕ್ಕ ಫಲ ಅನ್ನುವ ನೀತಿಗೆ ಇದು ಪೂರಾ ಉಲ್ಟಾ.

ಇನ್ನು ಒಡಲಾಳ. ದೇವನೂರ ಮಹಾದೇವ ಅವರದು. ಸಣ್ಣ ಪುಸ್ತಕ, ಒಂದು ಸಂಜೆಗೆ ಮುಗಿಯುತ್ತದೆ ಅಂತ ತಂದೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ಅದು ಮೈಸೂರು ಕಡೆಯ ದಲಿತ ಕೇರಿಯ ಆಡುಮಾತು, ನಮ್ಮ ಗದಗಿನ ಕಿವಿಗೆ ಬೇರೆಯೇ ಕನ್ನಡ. ಕಣ್ಣಾಡಿಸಿದರೆ ಒಳಗೆ ಇಳಿಯುತ್ತಿರಲಿಲ್ಲ. ಹಾಸ್ಟೆಲ್ಲಿನ ಮಾಳಿಗೆ ಹತ್ತಿ ಜೋರಾಗಿ ಓದತೊಡಗಿದೆ. ಆಗ ಸಾಕವ್ವನ ಬಾಯಿ ಕೇಳಿಸಿತು. ಅವಳ ಹುಂಜ ಕಳೆದಿದೆ. ಹುಡುಕುತ್ತಾಳೆ, ಬೈಯುತ್ತಾಳೆ. ರಾತ್ರಿ ಮನೆಗೆ ಒಂದು ಮೂಟೆ ಕಡಲೆಕಾಯಿ ಬರುತ್ತದೆ, ನಾವು ಶೇಂಗಾ ಅನ್ನುತ್ತೇವಲ್ಲ ಅದು. ಸಾಹುಕಾರನದು, ಕದ್ದದ್ದು. ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ತಿನ್ನುತ್ತಾರೆ. ಸಿಪ್ಪೆ ಬೆಂಕಿಗೆ ಹೋಗುತ್ತದೆ. ಆಮೇಲೆ ಪೊಲೀಸರು ಬಂದು ಮನೆ ಜಾಲಾಡುತ್ತಾರೆ. ಗೋಡೆಯ ಮೇಲೆ ಪುಟ್ಟಗೌರಿ ಬರೆದ ನವಿಲಿದೆ.

ಈಗ ಹೇಳಿ, ಈ ಕಥೆಯ ನೀತಿ ಏನು? ‘ಕಳವು ಮಾಡಬಾರದ್ರಿ.’ ಹತ್ತಕ್ಕೆ ಹತ್ತು ಅಂಕ. ಹಾಗೆ ಉತ್ತರ ಬರೆದವರು ಆ ರಾತ್ರಿ ಆ ಮನೆಯೊಳಗೆ ಹೋಗಲೇ ಇಲ್ಲ ಅಂತ ನನಗನ್ನಿಸುತ್ತದೆ. ನಮ್ಮ ಕಡೆ ಶೇಂಗಾ ಹರಿಯಲು ಕೂಲಿಗೆ ಹೋದ ಹೆಂಗಸರು ಬರುವಾಗ ಉಡಿಯಲ್ಲಿ ಒಂದೆರಡು ಹಿಡಿ ಕಟ್ಟಿಕೊಂಡು ಬರುತ್ತಾರೆ. ಹೊಲದವರು ಕೆಲವರು ನೋಡಿಯೂ ನೋಡದಂತಿರುತ್ತಾರೆ. ಕೆಲವರು ಬದುವಿನಲ್ಲಿ ನಿಲ್ಲಿಸಿ ಉಡಿ ಬಿಚ್ಚಿಸುತ್ತಾರೆ. ನಮ್ಮವ್ವನೂ ಆ ಸಾಲಿನಲ್ಲಿ ನಿಂತವಳು. ನನಗೆ ಅದು ಗೊತ್ತಿತ್ತು, ಆದರೆ ಅದು ಪುಸ್ತಕದಲ್ಲಿ ಬರೆಯುವ ವಿಷಯ ಅಂತ ಗೊತ್ತಿರಲಿಲ್ಲ. ನನ್ನ ಪಾಲಿಗೆ ಈ ಪುಸ್ತಕದ ದೊಡ್ಡ ಕೆಲಸ ಅದೇ. ನಮ್ಮ ಮನೆಯ ಮಾತು ಅಚ್ಚಿನಲ್ಲಿ ಬರಬಹುದು ಅಂತ ತೋರಿಸಿತು, ಅದೂ ನಮ್ಮದಲ್ಲದ ಸೀಮೆಯ ಕನ್ನಡದಲ್ಲಿ.

ಇದನ್ನು ಮಕ್ಕಳಿಗೆ ಓದಿ ಹೇಳಿಲ್ಲ. ಅವರಿಗೆ ಓದಿ ಹೇಳಿದ, ಅಂದರೆ ಹಾಡಿದ ಇನ್ನೊಂದು ಕಥೆ ಇದೆ. ಎಲ್ಲರಿಗೂ ಗೊತ್ತಿರುವ ಗೋವಿನ ಹಾಡು. ಇದರ ಪಾಠ ಯೋಜನೆ ಬರೆಯುವಾಗ ನೀತಿಯ ಪ್ರಶ್ನೆಯನ್ನು ಬೇಕಂತಲೇ ಬಿಟ್ಟೆ. ಅದರ ಜಾಗದಲ್ಲಿ ‘ನಿಮಗೆ ಏನು ಕೇಳಬೇಕು ಅನ್ನಿಸುತ್ತದೆ?’ ಅಂತ ಹಾಕಿದೆ. ಹಾಡಿ ಮುಗಿಸಿದೆ. ಪುಣ್ಯಕೋಟಿ ಕರುವನ್ನು ಬಿಟ್ಟು ಬಂದಳು, ಹುಲಿ ಹಾರಿ ಪ್ರಾಣ ಬಿಟ್ಟಿತು. ಕ್ಲಾಸಿನಲ್ಲಿ ಇಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಕೇಳಿ ಅಂದೆ.

ಮೊದಲ ಪ್ರಶ್ನೆ ಒಬ್ಬ ಹುಡುಗಿಯದು. ‘ಹುಲಿಗೆ ಮನಿಯಾಗ ಮರಿ ಇದ್ದಿಲ್ಲೇನ್ರಿ?’

ನನಗೆ ಉತ್ತರ ಹೊಳೆಯಲಿಲ್ಲ. ಹಾಡಿನಲ್ಲಿ ಅದು ಇಲ್ಲ. ಅಷ್ಟರಲ್ಲಿ ಇನ್ನೊಬ್ಬ: ‘ಅದು ಸಾಯೂದ ಬ್ಯಾಡಾಗಿತ್ರಿ. ಬ್ಯಾರೆ ಏನರ ತಿನಬೇಕಾಗಿತ್ತು.’ ‘ಬ್ಯಾರೆ ಏನ ತಿಂತೈತಿ? ಹುಲ್ಲ ತಿಂತೈತೇನ?’ ‘ಬ್ಯಾರೆ ಆಕಳ ತಿನಬೇಕಾಗಿತ್ತು.’ ‘ಆ ಆಕಳಿಗೂ ಕರ ಇರ್ತೈತಲ್ಲ!’ ಇಲ್ಲಿಗೆ ಬಂದು ಎಲ್ಲರೂ ನಿಂತರು. ಬೆಲ್ ಹೊಡೆಯುವವರೆಗೂ ಬಗೆಹರಿಯಲಿಲ್ಲ. ಮಾರನೇ ದಿನ ಒಬ್ಬ ಹುಡುಗ ಅಜ್ಜಿಯನ್ನು ಕೇಳಿಕೊಂಡು ಬಂದಿದ್ದ. ಹುಲಿ ಹಸಿದು ಮುದಿಯಾಗಿತ್ತು, ಹೇಗೂ ಸಾಯುತ್ತಿತ್ತು ಅಂತ ಅಜ್ಜಿಯ ತೀರ್ಮಾನ. ಕ್ಲಾಸು ಒಪ್ಪಲಿಲ್ಲ.

ನನ್ನ ಪಾಠವನ್ನು ಹಿಂದೆ ಕೂತು ನೋಡಿದವರು ಕೆಂಪು ಇಂಕಿನಲ್ಲಿ ‘ಮೌಲ್ಯ ಬಿಟ್ಟುಹೋಗಿದೆ’ ಅಂತ ಬರೆದರು. ಅವರ ಹೆಸರು ಹೇಳುವುದಿಲ್ಲ, ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ನಮೂನೆಯಲ್ಲಿ ಕಾಲಂ ಇದೆ, ಖಾಲಿ ಇತ್ತು, ಬರೆದರು. ಆದರೆ ಸತ್ಯವೇ ನಮ್ಮ ತಾಯಿ ತಂದೆ ಅಂತ ಬರೆಸಿ ಮುಗಿಸಿದ್ದರೆ ಹುಲಿಯ ಮರಿಯ ವಿಷಯ ಆ ಹುಡುಗಿಯ ಬಾಯಿಗೆ ಬರುತ್ತಿತ್ತಾ?

ಈ ಜಗಳದಲ್ಲಿ ನನಗೆ ಬಲ ಕೊಟ್ಟದ್ದು ತೊತ್ತೋ-ಚಾನ್. ನಮ್ಮಲ್ಲಿ ಶಿಕ್ಷಕರ ತರಬೇತಿ ಕೊಡುವ ಡಯಟ್‌ಗೆ ಸೇರಿದವರೆಲ್ಲರಿಗೂ ಯಾರಾದರೂ ಒಬ್ಬರು ಇದನ್ನು ಓದಿ ಅಂತ ಹೇಳೇ ಹೇಳುತ್ತಾರೆ. ಅರ್ಧ ಜನ ಓದುತ್ತಾರೆ. ಜಪಾನಿನ ತೆತ್ಸುಕೋ ಕುರೊಯಾನಾಗಿ ತನ್ನ ಬಾಲ್ಯದ ಶಾಲೆಯ ಬಗ್ಗೆ ಬರೆದದ್ದು, 1981ರಲ್ಲಿ ಬಂತು, ಕನ್ನಡಕ್ಕೆ ವಿ. ಗಾಯತ್ರಿ ತಂದಿದ್ದಾರೆ. ಪಾಠದ ಮಧ್ಯೆ ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕರೆಯುತ್ತಾಳೆ ಅಂತ ಒಂದನೇ ಕ್ಲಾಸಿನಲ್ಲೇ ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿ. ಹೊಸ ಶಾಲೆಗೆ ಹೋದರೆ ಅಲ್ಲಿ ರೈಲು ಡಬ್ಬಿಗಳೇ ಕ್ಲಾಸ್‌ರೂಮು. ಹೆಡ್‌ಮಾಸ್ಟರು ಕೊಬಾಯಾಶಿ ಅವಳನ್ನು ಕೂರಿಸಿಕೊಂಡು ‘ನಿನಗೆ ಏನೇನು ಹೇಳಬೇಕು ಅನ್ನಿಸುತ್ತದೋ ಎಲ್ಲ ಹೇಳು’ ಅನ್ನುತ್ತಾರೆ. ನಾಲ್ಕು ಗಂಟೆ ಕೇಳುತ್ತಾರೆ. ಎಲ್ಲರೂ ಈ ನಾಲ್ಕು ಗಂಟೆಯ ಬಗ್ಗೆ ಹೇಳುತ್ತಾರೆ, ಸೆಮಿನಾರಿನಲ್ಲಿ ಇದೇ ಉದಾಹರಣೆ.

ನನಗೆ ಇಷ್ಟ ಬೇರೆ ಪ್ರಸಂಗ. ತೊತ್ತೋ-ಚಾನ್‌ಳ ಪರ್ಸು ಪಾಯಖಾನೆಯ ಗುಂಡಿಗೆ ಬೀಳುತ್ತದೆ. ಅವಳು ಉದ್ದನೆಯ ಹಿಡಿಕೆಯ ಸೌಟು ತಂದು, ಗುಂಡಿಯಲ್ಲಿದ್ದದ್ದನ್ನೆಲ್ಲ ಎತ್ತಿ ಎತ್ತಿ ಹೊರಗೆ ಗುಡ್ಡೆ ಹಾಕುತ್ತಾಳೆ. ಹೆಡ್‌ಮಾಸ್ಟರು ಆ ದಾರಿಯಲ್ಲಿ ಬರುತ್ತಾರೆ. ಏನು ಮಾಡುತ್ತಿದ್ದೀ ಅಂತ ಕೇಳುತ್ತಾರೆ. ಪರ್ಸು ಬಿತ್ತು ಅನ್ನುತ್ತಾಳೆ. ಹೌದಾ ಅಂತ ಹೋಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದು, ಸಿಕ್ಕಿತಾ ಅನ್ನುತ್ತಾರೆ. ಇಲ್ಲ ಅನ್ನುತ್ತಾಳೆ. ಮುಗಿದ ಮೇಲೆ ಎಲ್ಲ ವಾಪಸ್ ಒಳಗೆ ಹಾಕುತ್ತೀ ಅಲ್ವಾ ಅಂತ ಕೇಳಿ ಹೊರಟುಹೋಗುತ್ತಾರೆ. ಅಷ್ಟೇ. ಪರ್ಸು ಸಿಗುವುದೂ ಇಲ್ಲ. ಸ್ವಚ್ಛತೆಯ ಬಗ್ಗೆ ಒಂದು ಮಾತಿಲ್ಲ, ಜೋಪಾನದ ಬಗ್ಗೆ ಒಂದು ಮಾತಿಲ್ಲ. ಇಲ್ಲಿರುವ ಶಿಕ್ಷಕರು ಎದೆ ಮುಟ್ಟಿಕೊಂಡು ಹೇಳಿ, ನಿಮ್ಮ ಶಾಲೆಯಲ್ಲಿ ಹೀಗೆ ಆದರೆ ಬಾಯಿ ಕಟ್ಟಿಕೊಂಡು ಹೋಗುತ್ತೀರಾ? ನನಗಂತೂ ಕಷ್ಟ. ಆ ಶಾಲೆ 1945ರಲ್ಲಿ ಟೋಕಿಯೊ ಮೇಲೆ ಬಿದ್ದ ಬಾಂಬಿಗೆ ಸುಟ್ಟುಹೋಯಿತು. ಉರಿಯುವುದನ್ನು ನೋಡುತ್ತ ನಿಂತ ಕೊಬಾಯಾಶಿ, ಮುಂದಿನ ಸಲ ಎಂಥ ಶಾಲೆ ಕಟ್ಟೋಣ ಅಂತ ಕೇಳುತ್ತಾರೆ. ಅಲ್ಲಿಯೂ ಆತ ಉಪದೇಶ ಮಾಡುವುದಿಲ್ಲ.

ಹಾಗಾದರೆ ಮಕ್ಕಳಿಗೆ ಒಳ್ಳೆಯದು ಕೆಟ್ಟದ್ದು ಹೇಳಿಕೊಡುವುದೇ ಬೇಡವಾ ಅಂತ ನೀವು ಕೇಳಬಹುದು. ಈಗಾಗಲೇ ಅಲ್ಲಿ ಒಬ್ಬ ಅಪ್ಪ ತಲೆ ಅಲ್ಲಾಡಿಸುತ್ತಿದ್ದಾರೆ. ಹೇಳಿ ಸಾರ್, ಖಂಡಿತಾ ಹೇಳಿ. ನೇರವಾಗಿ ಹೇಳಿ. ಪಕ್ಕದವನ ಪೆನ್ಸಿಲ್ ಕದಿಯಬೇಡ ಅನ್ನಲು ಒಂದು ನರಿ, ಒಂದು ಕಾಗೆ, ಒಂದು ರೊಟ್ಟಿ ಎಲ್ಲ ಬೇಕಿಲ್ಲ. ನೀತಿ ಹೇಳಲೆಂದೇ ಕಟ್ಟಿದ ಪಂಚತಂತ್ರವನ್ನೇ ತಗೊಳ್ಳಿ. ದುರ್ಗಸಿಂಹ ಅದನ್ನು 11ನೇ ಶತಮಾನದಲ್ಲೇ ಕನ್ನಡಕ್ಕೆ ತಂದ. ಸಾವಿರ ವರ್ಷ ಅದು ಉಳಿದದ್ದು ರಾಜನೀತಿಯಿಂದಲಾ, ನರಿಗಳಿಂದಲಾ? ನಮ್ಮೂರ ಪುರಾಣದ ಬೀಡಿಯವರನ್ನು ಕೇಳಿದರೆ ಹೇಳುತ್ತಾರೆ.

ಇನ್ನೊಂದು ಮಾತು, ನನ್ನ ಜೊತೆಗಾರ ಪ್ರಶಿಕ್ಷಣಾರ್ಥಿಗಳಿಗೆ. ನಮಗೆ ಓದಲು ಟೈಮಿಲ್ಲ ಅಂತ ನಾವೆಲ್ಲ ಹೇಳುತ್ತೇವೆ. ಚಾರ್ಟು, ಅಸೈನ್‌ಮೆಂಟು, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ ತಯಾರಿ, ಅದರ ಮಧ್ಯೆ ಫೋನು. ನಿಜವೇ. ಆದರೆ ಗುಜರಾತಿನ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಅವರ ದಿವಾಸ್ವಪ್ನ ಪುಸ್ತಕದಲ್ಲಿ ಬರುವ ಮಾಸ್ತರು ನಾಲ್ಕನೇ ಕ್ಲಾಸಿನ ಗಲಾಟೆ ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಕಥೆಯಿಂದ. ಸದ್ದು ಮಾಡದೆ ಕೂರುವ ಆಟ ಆಡಿಸಲು ಹೋಗಿ ಮೊದಲ ದಿನ ಸೋತ ಮೇಲೆ ಅವನಿಗೆ ಉಳಿದದ್ದು ಅದೊಂದೇ. ನಮ್ಮ ಹತ್ತಿರ ಹೇಳಲು ಕಥೆಯೇ ಇಲ್ಲದಿದ್ದರೆ ಉಳಿಯುವುದು ಕೋಲು ಮತ್ತು ನೀತಿ. ಒಂದು ಹೋಗಿದೆ, ಕಾನೂನು ಬಂದು ತೆಗೆಯಿತು. ಇನ್ನೊಂದನ್ನು ನಾವೇ ತೆಗೆಯಬೇಕು.

ಒಬ್ಬರು ಚೀಟಿ ಕಳಿಸಿದ್ದಾರೆ. ಮೂರನೇ ಕ್ಲಾಸಿನ ಮಗಳು ತಡವರಿಸಿ ಓದುತ್ತಾಳೆ, ಯಾವ ಪುಸ್ತಕ ಕೊಡಬೇಕು ಅಂತ. ಮೊದಲು ಕೊಡಬೇಡಿ, ನೀವು ಓದಿ ಹೇಳಿ. ರಾಜರತ್ನಂ ಅವರ ಪದ್ಯಗಳಿಂದ ಶುರು ಮಾಡಿ, ತುತ್ತೂರಿ, ನಾಯಿಮರಿ. ಓದುವಾಗ ಅವಳಿಗೆ ಗೊತ್ತಿರುವ ಜಾಗದಲ್ಲಿ ನೀವು ನಿಲ್ಲಿಸಿ, ಅವಳು ಮುಂದುವರಿಸುತ್ತಾಳೆ. ತಪ್ಪು ಹೇಳಿದರೆ ತಿದ್ದಲು ಹೋಗಬೇಡಿ. ಸ್ವಲ್ಪ ದೊಡ್ಡವಳಾದ ಮೇಲೆ ತೇಜಸ್ವಿಯವರ ಪರಿಸರದ ಕಥೆ ಕೊಡಿ, ಅದರಲ್ಲಿ ಕಿವಿ ಅಂತ ನಾಯಿ ಇದೆ. ಗಾಂಧೀಜಿ ಬಗ್ಗೆ ಬೇಕಾದರೆ ಪಾಪು ಗಾಂಧಿ ಬಾಪು ಆದ ಕತೆ ಹೇಳುವ ಬೊಳುವಾರು ಅವರ ಪುಸ್ತಕ ಇದೆ. ಇವೆಲ್ಲ ಇಲ್ಲೇ ಮೇಜಿನ ಮೇಲಿವೆ. ರಿಜಿಸ್ಟರಿನಲ್ಲಿ ಹೆಸರು ಬರೆಸಿ ತಗೊಂಡು ಹೋಗಿ. ಒಡಲಾಳದ ಪ್ರತಿ ಮಾತ್ರ ಒಂದೇ ಇದೆ, ಅದನ್ನು ಪಂಚಾಯಿತಿಯ ಪಿಡಿಒ ಸಾಹೇಬರು ಆಗಲೇ ಎತ್ತಿಟ್ಟುಕೊಂಡಿದ್ದಾರೆ. ಅವರ ನಂತರ ಯಾರಿಗೆ ಬೇಕೋ ಮೇಲ್ವಿಚಾರಕರ ಹತ್ತಿರ ಹೇಳಿಟ್ಟು ಹೋಗಿ.